ನಮ್ಮ ಹಿತ್ತಲಿನ ಪೈನು ಮತ್ತು ಫರ್

ಊಟಿಗೆ ಹೋಗಿ ಬಂದವರು ಸೂಜಿಯಂಥ ಎಲೆಯ ಮರವನ್ನೆಲ್ಲ ಪೈನ್ ಎಂದು ಕರೆಯುವುದು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತು ಕೂಡ ಇದಕ್ಕಾಗಿ ಜಗಳ ಆಡಿದ್ದೇನೆ. ಒಂದು ಎಲೆ ಕಿತ್ತು ನೋಡಿ, ಸಾಕು. ಪೈನಿನ ಎಲೆ ಒಂಟಿಯಾಗಿ ಬರುವುದಿಲ್ಲ. ಎರಡೋ ಮೂರೋ ಜೊತೆಯಾಗಿ, ಬುಡದಲ್ಲಿ ಒಂದೇ ಸಿಪ್ಪೆಯೊಳಗಿಂದ ಹೊರಡುತ್ತವೆ, ಉದ್ದಕ್ಕೆ. ಫರ್ ಮರದ್ದು ಒಂಟಿ ಎಲೆ, ಗಿಡ್ಡ, ಚಪ್ಪಟೆ. ತಿರುಗಿಸಿದರೆ ಅಡಿಯಲ್ಲಿ ಎರಡು ಬಿಳಿ ಗೆರೆ. ಪೈನಿನ ಕಾಯಿ ಕೆಳಗೆ ತೂಗುತ್ತದೆ, ಫರ್ ಮರದ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ಕೂರುತ್ತದೆ. ಬೆಳೆಯುವ ರೀತಿಯಲ್ಲೂ ಹೋಲಿಕೆಯಿಲ್ಲ. ಪೈನಿಗೆ ಬಿಸಿಲು ಬೇಕು, ನೆಲ ಕಲ್ಲಾದರೂ ಚಿಂತೆಯಿಲ್ಲ, ಸರಸರನೆ ಏಳುತ್ತದೆ. ಫರ್ ಎಳೆತನದಲ್ಲಿ ದೊಡ್ಡ ಮರಗಳ ನೆರಳಲ್ಲಿ, ತಂಪಿನಲ್ಲಿ, ವರ್ಷಗಟ್ಟಲೆ ಗೇಣುದ್ದ ಕೂತಿರುತ್ತದೆ.

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿಯಲಿಲ್ಲ. ಚಾಮರಾಜನಗರದ ಪಕ್ಕದ ಹಳ್ಳಿಯಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ, ಐವತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ಕಲಿತೆ. ಆ ವರ್ಷ ಎರಡು ಸೀಮೆಎಣ್ಣೆ ಡಬ್ಬಗಳಲ್ಲಿ ಎರಡು ಗಿಡ ಬಂದವು. ಒಂದನ್ನು ಭಾವ ಪೈನು ಎಂದರು, ಇನ್ನೊಂದನ್ನು ಫರ್ ಎಂದರು. ಎರಡನೆಯದು ನಿಜವಾಗಿ ಫರ್ ಜಾತಿಯದೋ, ಅದರ ದಾಯಾದಿಯೋ, ತಿಳಿದವರು ಹೇಳಬೇಕು. ನಮ್ಮಕ್ಕನ ಸಂಸಾರ ಮಾತ್ರ ಆ ಎರಡು ಗಿಡಗಳ ಮೇಲೆ ನಿಂತುಬಿಟ್ಟಿತು.

ನಮ್ಮಪ್ಪನ ಕೈಗುಣ ಸುತ್ತಲಿನ ಹಳ್ಳಿಗೆಲ್ಲ ಗೊತ್ತಿತ್ತು. ಒಣ ಕಡ್ಡಿ ನೆಟ್ಟರೂ ಚಿಗುರುತ್ತದೆ ಎನ್ನುತ್ತಿದ್ದರು. ಉಮ್ಮತ್ತೂರಿನವರು, ಹರದನಹಳ್ಳಿಯವರು ತೆಂಗಿನ ಸಸಿ ನೆಡುವಾಗ ಬಂದು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹೋಗಿ ಗುಣಿಗೆ ಮಣ್ಣೆಳೆದು ಬರುತ್ತಿದ್ದ. ನಮ್ಮದು ಹಿಪ್ಪುನೇರಳೆ ತೋಟ, ಮನೆಯೊಳಗೆ ರೇಷ್ಮೆ ಹುಳು. ಹಿಪ್ಪುನೇರಳೆ ಎಂಥ ಗಿಡವೆಂದರೆ, ಕಡ್ಡಿ ಕತ್ತರಿಸಿ ಚುಚ್ಚಿದರೆ ಬೇರು ಬಿಡುತ್ತದೆ, ಬುಡಕ್ಕೆ ಕೊಯ್ದರೆ ಇನ್ನೂ ಹುರುಪಿನಿಂದ ಏಳುತ್ತದೆ. ಅದರ ಜೊತೆ ಬಾಳಿದವನಿಗೆ ಗಿಡ ಸಾಯುತ್ತದೆ ಎನ್ನುವುದೇ ಅಷ್ಟಾಗಿ ಗೊತ್ತಿರುವುದಿಲ್ಲ. ಈಗ ಯೋಚಿಸಿದರೆ ಅಪ್ಪನ ಕೈಗುಣದಲ್ಲಿ ಅರ್ಧ ಹಿಪ್ಪುನೇರಳೆಯ ಗುಣವೇ ಇತ್ತೇನೋ. ಅವನೆದುರು ಹೀಗೆ ಹೇಳಿದ್ದರೆ ನನ್ನ ಬೆನ್ನು ಮುರಿಯುತ್ತಿದ್ದ.

ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದೆವು. ಭಾವನಿಗೆ ಮೇಲೆ, ನೀಲಗಿರಿಯ ಒಂದು ದೊಡ್ಡ ತೋಟದಲ್ಲಿ, ಸಸಿ ಎಬ್ಬಿಸುವ ಕೆಲಸ. ತಾಯಿ ಗುಂಡ್ಲುಪೇಟೆಯ ಮನೆಯಲ್ಲಿ, ಮಗ ಸೊಸೆ ಬೆಟ್ಟದಲ್ಲಿ. ಅಲ್ಲಿ ಎರಡನೇ ಮಳೆಗಾಲಕ್ಕೆ ಅಕ್ಕನಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಅಪ್ಪ ಹೋಗಿ ಕರೆದುಕೊಂಡು ಬಂದ. ಬಸ್ಸಿಂದ ಇಳಿದವಳನ್ನು ನೋಡಿ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮೂರಿನ ಬಿಸಿಲು, ರಾಗಿ ಮುದ್ದೆ, ಹುರುಳಿ ಬಸ್ಸಾರು ಸೇರಿ ದಸರಾ ದಾಟುವಷ್ಟರಲ್ಲಿ ಅವಳ ಮೈಗೆ ಕಳೆ ಬಂತು. ಆದರೂ ಅಪ್ಪನ ಹೆದರಿಕೆ ಹೋಗಲಿಲ್ಲ. ಅವನ ಸ್ವಂತ ತಂಗಿ ಹೀಗೇ ಕೆಮ್ಮುತ್ತ ಗಂಡನ ಮನೆಯಲ್ಲಿ ತೀರಿಹೋಗಿದ್ದಳು. ಇವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತಂತೆ. ಅದನ್ನು ನೆನೆದಾಗೆಲ್ಲ ಅಪ್ಪನ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ.

ದೀಪಾವಳಿಗೆ ಭಾವ ಬಂದರು. ಅಳಿಯ ಹಬ್ಬಕ್ಕೆ ಬಂದರೆ ಏನು ತರುತ್ತಾನೆ? ಹಣ್ಣು, ಸಿಹಿ, ಹೆಂಡತಿಗೆ ಸೀರೆ. ನಮ್ಮ ಭಾವ ಎರಡು ಡಬ್ಬ ತಂದರು. ಭುಜಕ್ಕೆ ಕಾವಡಿಯ ಹಾಗೆ ಒಂದು ದೊಣ್ಣೆ, ಆ ಕಡೆ ಒಂದು ಡಬ್ಬ, ಈ ಕಡೆ ಒಂದು. ಬಸ್ ಇಳಿದು ಊರೊಳಗೆ ನಡೆದು ಬರುವಾಗ ಹುಡುಗರೆಲ್ಲ ಹಿಂದೆ ಬಿದ್ದಿದ್ದರು. ಮಾವನ ಕೈಗುಣ ಕೇಳಿ, ಅವನಿಗೆ ಸಂತೋಷವಾಗಲಿ ಎಂದು ತಂದದ್ದು. ಹಾಗೆಂದು ಒಂದು ಮಾತು ಹೇಳಬೇಕಿತ್ತು, ಅದನ್ನು ಹೇಳಲಿಲ್ಲ. ಭಾವನಿಗೆ ಮನುಷ್ಯರ ವಿಷಯ ಮಾತಾಡಲು ಬಾಯೇ ಬರುತ್ತಿರಲಿಲ್ಲ. ಮರದ ವಿಷಯ ಎತ್ತಿದರೆ ನಿಲ್ಲಿಸುವುದು ಬರುತ್ತಿರಲಿಲ್ಲ. ಅವ್ವ ಒಳಗೆ ಒಬ್ಬಟ್ಟು ತಟ್ಟುತ್ತ, "ನಿನ್ ಗಂಡ ಯಾವ್ದಾರ ಮರನೇ ಕಟ್ಕಬೇಕಿತ್ತು ಕಣಮ್ಮಿ" ಎಂದು ಅಕ್ಕನನ್ನು ಕೆಣಕಿದಳು. ಅಕ್ಕ ನಕ್ಕಳು.

ಊಟ ಆದಮೇಲೆ ಜಗಲಿಯ ಮೇಲೆ ಅಪ್ಪ, ಭಾವ, ಎದುರುಮನೆಯ ಇಬ್ಬರು ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಕೂತರು. ಭಾವ ಶುರುಮಾಡಿದರು. ಪೈನಿಗೆ ಬಿಸಿಲಲ್ಲಿ ಜಾಗ ಕೊಡಿ, ನೀರಿಗೆ ಕೈ ಬಿಗಿ ಇರಲಿ, ಗೊಬ್ಬರ ಹಾಕಲೇಬೇಡಿ. ತುದಿಯ ಕುಡಿ ಚಿವುಟಬೇಡಿ, ಇದು ಹಿಪ್ಪುನೇರಳೆಯಂತೆ ಮತ್ತೆ ಒಡೆಯುವುದಿಲ್ಲ. ಫರ್ ಗಿಡಕ್ಕೆ ನೆರಳು ಬೇಕು, ಬುಡ ಯಾವಾಗಲೂ ತಣ್ಣಗಿರಬೇಕು. ಬೆಟ್ಟದಿಂದ ಎರಡನ್ನೂ ನೇರ ಇಲ್ಲಿಗೆ ಇಳಿಸಲಿಲ್ಲ, ಗುಂಡ್ಲುಪೇಟೆಯಲ್ಲಿ ನಮ್ಮವ್ವನ ಹಿತ್ತಲಲ್ಲಿ ಒಂದು ತಿಂಗಳು ಇಟ್ಟು, ಸೆಖೆ ರೂಢಿ ಮಾಡಿಸಿ ತಂದೆ. ಗುಂಡ್ಲುಪೇಟೆಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಯ ಗಾಳಿ ಬೀಸುತ್ತದೆ, ಅರ್ಧ ತಂಪು ಅರ್ಧ ಬಿಸಿ. ಆಮೇಲೆ ಎಲ್ಲಕ್ಕಿಂತ ಮುಖ್ಯ, ನೆಲಕ್ಕೆ ನೆಡುವಾಗ ಬೇರಿನ ಮಣ್ಣು ಬಿಡಿಸಬೇಡಿ. ಬೇರಿನ ಸುತ್ತ ಬೆಳ್ಳಗೆ ಬೂಷ್ಟಿನಂಥದ್ದು ಇರುತ್ತದೆ, ಅದೇ ಗಿಡಕ್ಕೆ ನೆಲದಿಂದ ಉಣ್ಣಿಸುವುದು, ಅದಿಲ್ಲದಿದ್ದರೆ ಗಿಡ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಗೆ ಬಂತು. ಅಷ್ಟು ಹೊತ್ತಿಗೆ ಹಿರಿಯರೊಬ್ಬರು ತೂಕಡಿಸುತ್ತಿದ್ದರು, ಅಪ್ಪ ಎದ್ದು ಬೀದಿಯಲ್ಲಿ ಹೋಗುತ್ತಿದ್ದ ಯಾರದೋ ಹೋರಿಯ ಹಲ್ಲು ನೋಡುತ್ತಿದ್ದ. ಕೇಳಿಸಿಕೊಂಡದ್ದು ಬಾಗಿಲ ಹಿಂದೆ ನಿಂತ ಅಕ್ಕ, ಅವಳ ಪಕ್ಕ ನಿಂತ ನಾನು.

ಹೋರಿ ಹೋದಮೇಲೆ ಅಪ್ಪ ಬಂದು ಕೂತ. ಭಾವ ಆಗ ಹೆಂಡತಿಯನ್ನು ಯಾವಾಗ ಕರೆದುಕೊಂಡು ಹೋಗಲಿ ಎಂದು ಕೇಳಿದರು. ಅಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಮನಸ್ಸಿರಲಿಲ್ಲ. ಡಬ್ಬಗಳ ಕಡೆ ಕೈತೋರಿಸಿ ನಗುತ್ತ ಹೇಳಿದ: "ನೋಡಿ ಅಳಿಯಂದಿರೆ, ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡೋಯ್ತದೆ. ಅವತ್ತು ಬನ್ನಿ. ನಿಮ್ ಬೆಟ್ಟದ್ ಗಿಡ ನಮ್ಮೂರಲ್ಲಿ ಬದುಕಿದ್ರೆ, ನಮ್ಮೂರ ಎಣ್ಣು ನಿಮ್ ಬೆಟ್ಟದಲ್ಲಿ ಬದುಕ್ತಳೆ. ಕರ್ಕಂಡೋಗಿ."

ಹಿರಿಯರು ಭಲೇ ಎಂದು ತೊಡೆ ತಟ್ಟಿದರು. ತೂಕಡಿಸುತ್ತಿದ್ದವರಿಗೂ ಎಚ್ಚರವಾಯಿತು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಬೇರೆ ಮಾತಿಗೆ ಹೋಗುತ್ತಿದ್ದರು. ಭಾವನಿಗೆ ಹಾಸ್ಯ ತಿಳಿಯದು. ಗಂಭೀರವಾಗಿ, "ಆಗ್ಲಿ ಮಾವ" ಎಂದರು. ನಾಲ್ಕು ಜನರೆದುರು ಆಡಿದ್ದು, ಒಪ್ಪಿದ್ದು. ಮಾರನೆಯ ದಿನಕ್ಕೆ ಊರಿಗೆಲ್ಲ ಗೊತ್ತಾಗಿ ಅದು ಮಾತು ಕೊಟ್ಟ ಹಾಗೇ ಆಯಿತು. ಬಾಗಿಲ ಹಿಂದೆ ನಿಂತಿದ್ದ ಅಕ್ಕನನ್ನು, ನಿನಗೆ ಏನಮ್ಮ ಬೇಕು ಎಂದು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ.

ಅಪ್ಪ ಗಿಡ ಸಾಯಲಿ ಎಂದು ಬಯಸಿದನೇ? ಊರಲ್ಲಿ ಕೆಲವರು ಹಾಗೆ ಹೇಳಿದರು. ಖಂಡಿತ ಸುಳ್ಳು, ಅವನು ಗಿಡ ನೋಡಿಕೊಂಡ ರೀತಿ ನಾನು ನೋಡಿದ್ದೇನೆ. ಮಗಳು ಉಳಿಯಬೇಕು ಎಂದು ಅವನಿಗಿತ್ತು, ನಿಜ. ಆದರೆ ತನ್ನ ಕೈಯಲ್ಲಿ ಗಿಡ ಸಾಯಿಸಲು ಅವನಿಂದ ಆಗುತ್ತಿರಲಿಲ್ಲ. ಬೆಳಗಾಗೆದ್ದು ಎರಡಕ್ಕೂ ಒಂದೇ ಚೊಂಬಿನಲ್ಲಿ ಒಂದೇ ಅಳತೆ ನೀರು. ಭಾವ ಹೇಳಿದ್ದು ಹಾಗಲ್ಲ, ಒಂದಕ್ಕೆ ಕಡಿಮೆ ಒಂದಕ್ಕೆ ಹೆಚ್ಚು ಎಂದು ಅಕ್ಕ ನೆನಪಿಸಿದರೆ, "ಒಂದ್ ಕಣ್ಣಿಗೆ ಬೆಣ್ಣೆ ಒಂದ್ ಕಣ್ಣಿಗೆ ಸುಣ್ಣ ಮಾಡೋನಲ್ಲ ನಾನು" ಎನ್ನುತ್ತಿದ್ದ. ಅಕ್ಕ, ಅವನು ಆ ಕಡೆ ಹೋದಮೇಲೆ ಪೈನಿನ ಡಬ್ಬ ಓರೆ ಮಾಡಿ ಹೆಚ್ಚಿನ ನೀರು ಬಸಿಯುತ್ತಿದ್ದಳು. ಫರ್ ಗಿಡ ಬಾವಿಯ ಪಕ್ಕದ ಹೊಂಗೆಯ ನೆರಳಲ್ಲಿತ್ತು. ಅದರ ಡಬ್ಬಕ್ಕೆ ಒದ್ದೆ ಗೋಣಿತಾಟು ಸುತ್ತಿ, ಒಣಗಿದಾಗೆಲ್ಲ ನೀರು ಚಿಮುಕಿಸುತ್ತಿದ್ದಳು. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಗಿಡಗಳ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಅವ್ವ ಅದನ್ನು ನೋಡಿ, ಪಾಪ ಗಿಡ ಒಣಗಲಿ ಎಂದು ಬೇಡಿಕೊಳ್ಳುತ್ತಾಳೆ ಎಂದುಕೊಂಡಿದ್ದಳು. ಹೆತ್ತವಳಿಗೂ ಅಷ್ಟೇ ತಿಳಿದಿತ್ತು.

ಚಳಿಗಾಲ ಪೈನಿಗೆ ಹಿತವಾಯಿತು. ನೆತ್ತಿಯಲ್ಲಿ ಮೇಣದಬತ್ತಿಯಂಥ ಬೆಳ್ಳನೆಯ ಕುಡಿ ಮೂಡಿತು, ಅದರ ಮೈಯಲ್ಲಿ ಎಳೆ ಸೂಜಿಗಳು. ಅಪ್ಪ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ. ಫರ್ ಇದ್ದಷ್ಟೇ ಇತ್ತು. ಸತ್ತಿರಲಿಲ್ಲ, ಬೆಳೆದೂ ಇರಲಿಲ್ಲ. ಸಂಕ್ರಾಂತಿ ಕಳೆದಮೇಲೆ ಅಪ್ಪ, ಪೈನು ಡಬ್ಬದೊಳಗೆ ಹಿಡಿಸುವುದಿಲ್ಲ, ಇನ್ನು ನೆಲಕ್ಕೆ ಇಳಿಸುತ್ತೇನೆ ಎಂದ. ಫರ್ ಇನ್ನೂ ಚಿಕ್ಕದು, ಡಬ್ಬದಲ್ಲೇ ಇರಲಿ ಎಂದು ಬಿಟ್ಟ.

ಆ ದಿನಗಳಲ್ಲಿ ಒಳಮನೆಯಲ್ಲಿ ಹುಳು ಕೊನೆಯ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವ ಮುಂಚೆ ಉಣ್ಣದೆ ಮಂಕಾಗಿ ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ಕೊನೆಯ ಜ್ವರ ಎದ್ದ ಹುಳುವಿನ ಹಸಿವು ಹೇಳತೀರದು. ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಬಿದಿರು ತಟ್ಟೆ ಖಾಲಿ. ಅಕ್ಕ, ಅವ್ವ, ನಾನು ಒಳಗೇ ಇದ್ದೆವು. ಆ ಸಲ ಎದುರುಮನೆಯವರ ಹುಳುವಿಗೆ ಸುಣ್ಣಕಟ್ಟು ರೋಗ ಬಿದ್ದಿತ್ತು. ಚಳಿ ಮತ್ತು ತೇವದ ಕಾಲದಲ್ಲಿ ಬರುವ ಬೂಷ್ಟು ಅದು. ಹುಳು ಸೆಟೆದು ಸತ್ತು, ಮೈಮೇಲೆ ಬೆಳ್ಳಗೆ ಸುಣ್ಣ ಬಳಿದಂತೆ ಆಗುತ್ತದೆ. ಒಂದು ಹುಳುವಿಗೆ ತಗುಲಿದರೆ ತಟ್ಟೆಗೆ ತಟ್ಟೆಯೇ ಹೋಯಿತು. ಹುಳು ಸಾಕುವವರ ಮನೆಯಲ್ಲಿ ಎಲ್ಲೇ ಬೆಳ್ಳನೆಯ ಬೂಷ್ಟು ಕಂಡರೂ ಎದೆ ಝಲ್ ಎನ್ನುತ್ತದೆ.

ಅಪ್ಪ ಡಬ್ಬದ ಅಂಚು ಸೀಳಿ ಪೈನನ್ನು ಹೊರಗೆ ತೆಗೆದ. ಬೇರಿನ ತುಂಬ ಬೆಳ್ಳಗೆ ನೂಲು ನೂಲಾಗಿ ಬೂಷ್ಟು.

ನಾವು ಒಳಗೆ ಸೊಪ್ಪು ಹಾಕುವ ಗಡಿಬಿಡಿಯಲ್ಲಿದ್ದೆವು, ಅವನು ನಮ್ಮನ್ನು ಕರೆಯಲೂ ಇಲ್ಲ. ಬೇರಿನ ಮಣ್ಣನ್ನೆಲ್ಲ ಕೊಡವಿ, ಬಾವಿಯ ಕಾಲುವೆಯ ನೀರಲ್ಲಿ ಬೇರನ್ನು ತಿಕ್ಕಿ ತಿಕ್ಕಿ ತೊಳೆದ. ಮಣ್ಣನ್ನು ಬೇಲಿಯಾಚೆ ಗುಂಡಿಗೆ ಸುರಿದು ಮೇಲೆ ಸುಣ್ಣ ಎರಚಿದ. ಆಮೇಲೆ ರಾಗಿ ಪೈರು ನಾಟಿ ಮಾಡುವಾಗ ಮಾಡುವಂತೆ ಬೇರನ್ನು ಸಗಣಿ ನೀರಲ್ಲಿ ಅದ್ದಿ, ಕಳಿತ ಕೊಟ್ಟಿಗೆ ಗೊಬ್ಬರ ತುಂಬಿದ ಗುಣಿಯಲ್ಲಿ ಕೆಮ್ಮಣ್ಣಿಗೆ ನೆಟ್ಟ. ಸ್ವಂತ ಮಗುವಿಗೆ ಎಣ್ಣೆನೀರು ಹಾಕುವವರೂ ಅಷ್ಟು ಜೋಪಾನ ಮಾಡಲಾರರು. ಎಲ್ಲ ಮುಗಿಸಿ, ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಆಮೇಲೇ ನಮ್ಮ ಕಡೆ ಬಂದ.

ಅಕ್ಕ ಸೊಪ್ಪಿನ ಬುಟ್ಟಿ ಹಿಡಿದು ಹೊರಗೆ ಬಂದವಳು, ನೆಟ್ಟ ಗಿಡ, ಪಕ್ಕದಲ್ಲಿ ಬಿದ್ದ ಬರೀ ಡಬ್ಬ, ಬಾವಿಕಟ್ಟೆಯ ಒದ್ದೆ ನೋಡಿದಳು. "ಅಪ್ಪಾ, ಬೇರ್ ತೊಳುದ್ಬುಟ್ಯಾ?"

"ಸುಣ್ಣಕಟ್ಟು ಕಣಮ್ಮಿ. ಬೇರ್ ತುಂಬ ಇಡ್ಕಂಡಿತ್ತು. ಒಳಗೆ ಹುಳ ಇಟ್ಕಂಡು ಸುಮ್ನೆ ಇರಕ್ಕಾಯ್ತದಾ?"

"ಅದು ರೋಗ ಅಲ್ಲ ಕಣಪ್ಪಾ. ಆ ಗಿಡಕ್ಕೆ ಉಣ್ಸೋದೇ ಅದು. ಅವ್ರು ಯೋಳಿದ್ರು."

"ನಂಗೆ ಯೋಳ್ನಿಲ್ಲ."

"ಯೋಳುದ್ರು. ನೀನು ಓರಿ ನೋಡ್ತಿದ್ದೆ."

ಅಕ್ಕ ಬುಟ್ಟಿ ಕೆಳಗಿಟ್ಟು ಬೇಲಿಯಾಚೆ ಹೋದಳು. ನಾನೂ ಹಿಂದೆ ಹೋದೆ. ಗುಂಡಿಯಲ್ಲಿ ಕರಿ ಮಣ್ಣು ಸುಣ್ಣದ ಜೊತೆ ಕಲಸಿಹೋಗಿತ್ತು. ಕೈ ಹಾಕಿ ಕೆದಕಿದಳು, ಅಡಿಯಲ್ಲಿ ಸುಣ್ಣ ತಾಗದ್ದು ಸ್ವಲ್ಪವಾದರೂ ಸಿಗುತ್ತದೇನೋ ಎಂದು. ಬೆರಳು ಉರಿಯಿತೇ ಹೊರತು ಏನೂ ಸಿಗಲಿಲ್ಲ. ವಾಪಸು ಬಂದು, ಫರ್ ಗಿಡದ ಡಬ್ಬದಲ್ಲಿದ್ದ ಬೆಟ್ಟದ ಮಣ್ಣಿನಿಂದ ಒಂದು ಹಿಡಿ ತೆಗೆದು, ಪೈನಿನ ಬುಡ ಕೆದಕಿ ಅಲ್ಲಿಗೆ ಹಾಕಿದಳು. ಇನ್ನೊಂದು ಹಿಡಿ ತೆಗೆಯಲು ಹೋಗಿ, ಫರ್ ಗಿಡದ ಪುಟ್ಟ ಬೇರು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು.

ಹುಳು ಗೂಡು ಕಟ್ಟಿ ಮುಗಿಸುವ ಹೊತ್ತಿಗೆ ಪೈನಿನ ಸೂಜಿಗಳ ತುದಿ ತುಕ್ಕಿನ ಬಣ್ಣಕ್ಕೆ ತಿರುಗಿದವು. ಆ ದಿನ ಎಲ್ಲರೂ ಉಣ್ಣಲು ಕೂತಿದ್ದಾಗ ಅಕ್ಕ, ತಲೆ ತಗ್ಗಿಸಿಕೊಂಡೇ ಹೇಳಿದಳು: "ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ಕೈಲಿ ಯೋಳಿ ಕಳ್ಸುದ್ರೆ, ಅವ್ರು ಒಂದ್ ಮಂಕ್ರಿ ಮಣ್ಣು ಕಳುಸ್ತಾರೆ. ಆ ಮಣ್ಣು ಬುಡಕ್ಕೆ ಆಕುದ್ರೆ ಇನ್ನೂ ಉಳ್ಕತದೆ."

ಅಪ್ಪನ ಕೈಯ ಮುದ್ದೆ ಅರ್ಧಕ್ಕೆ ನಿಂತಿತು. ಅವನಿಗೆ ಆಗ ಅರ್ಥವಾಯಿತು, ನನಗೂ ಆಯಿತು. ಮಗಳು ಗಿಡ ಬದುಕಲಿ ಎನ್ನುತ್ತಿದ್ದಾಳೆ. ಅವಳಿಗೆ ಹೋಗಬೇಕಾಗಿದೆ. ಈ ಮನೆ, ಈ ಬಿಸಿಲು, ಅಪ್ಪನ ಕಾವಲು ಬಿಟ್ಟು, ಕೆಮ್ಮು ಕೊಟ್ಟ ಬೆಟ್ಟಕ್ಕೇ ಹೋಗಬೇಕಾಗಿದೆ. ನನಗೆ ಅವಳ ಮೇಲೆ ಸಿಟ್ಟೇ ಬಂತು, ನಾವೆಲ್ಲ ಏನು ಕಡಿಮೆ ಮಾಡಿದ್ದೆವು ಎಂದು.

ಮೊದಲು ಮಾತಾಡಿದ್ದು ಅವ್ವ. "ಬುಡ್ತು ಅನ್ನು. ಗಂಡನ್ ಮನೆಯಿಂದ ಮಣ್ಣು ತರುಸ್ತಾರಾ? ಅದೂ ಕಾಯ್ಲೆ ಬಿದ್ದು ಎದ್ದೋಳು!" ನಮ್ಮಲ್ಲಿ ಸತ್ತವರಿಗೆ ಬಂಧುಗಳು ಹಿಡಿ ಮಣ್ಣು ಹಾಕುತ್ತಾರೆ. ಕಾಯಿಲೆಯ ಹೆಂಗಸಿಗೆ ಗಂಡನ ಕಡೆಯಿಂದ ಮಣ್ಣು ಬರುವುದು ಅಪಶಕುನ ಎಂದು ಅವ್ವನ ಭಯ. ಅಪ್ಪ ತಟ್ಟೆಯಲ್ಲೇ ಕೈತೊಳೆದು ಎದ್ದು ಹೋದ. ಮಣ್ಣು ಕಳಿಸಿ ಎಂದು ಬೀಗರಿಗೆ ಹೇಳಿ ಕಳಿಸಿದರೆ, ಕೈಗುಣದವನ ಕೈ ತಪ್ಪಿತು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಒಪ್ಪಿಕೊಂಡರೆ ಮಗಳನ್ನೂ ಕಳಿಸಬೇಕಾಗುತ್ತಿತ್ತು. ಬಸ್ಸು ದಿನಾ ಬರುತ್ತಿತ್ತು, ದಿನಾ ಹೋಗುತ್ತಿತ್ತು. ಒಂದು ಮಂಕರಿ ಮಣ್ಣು. ಅಯ್ಯೋ, ಒಂದು ಮಂಕರಿ ಮಣ್ಣಿಗೆ ಏನು ಮಹಾ!

ಅಕ್ಕ ಎರಡನೇ ಸಲ ಕೇಳಲಿಲ್ಲ.

ಶಿವರಾತ್ರಿಯ ದಿನ ಮಧ್ಯಾಹ್ನದ ಬಸ್ಸಿಗೆ ಭಾವ ಬಂದರು. ಅಕ್ಕ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಮದುವೆಯಲ್ಲಿ ಅವರ ಕಡೆಯಿಂದ ಬಂದ ಹಸಿರು ಸೀರೆ ಉಟ್ಟಿದ್ದಳು. ಹಬ್ಬಕ್ಕೆ ಉಟ್ಟಳು ಎಂದು ಅಂದುಕೊಳ್ಳಲು ಎಲ್ಲರಿಗೂ ಅನುಕೂಲವಾಗಿತ್ತು. ಎದುರುಮನೆಯ ಹಿರಿಯರಿಬ್ಬರೂ ಕರೆಯದೆಯೇ ಬಂದು ಹಿತ್ತಲಲ್ಲಿ ನಿಂತರು, ತೀರ್ಪು ಹೇಳುವವರ ಹಾಗೆ. ಪೈನು ನೆತ್ತಿಯಿಂದ ಬುಡದವರೆಗೆ ಕಂದಾಗಿ ಒಣಗಿತ್ತು. ಫರ್ ಗೋಣಿತಾಟಿನೊಳಗೆ ಹಸಿರಾಗಿಯೇ ಇತ್ತು, ಮೊದಲಿಗಿಂತ ಸೊರಗಿದ್ದರೂ.

"ಒಂದ್ ಹೋಯ್ತು, ಒಂದ್ ಉಳೀತು. ಈಗ ಎಂಗಪ್ಪಾ? ಎಣ್ಣ ಅರ್ಧ ಕಳ್ಸಿಯಾ?" ಎಂದು ಒಬ್ಬರು ನಕ್ಕರು. ಇನ್ನೊಬ್ಬರು, ಒಂದಾದರೂ ಉಸಿರಾಡುತ್ತಿದೆಯಲ್ಲ, ಕಳಿಸಬೇಕು ಎಂದರು. ನಾನು ಬಾಗಿಲಲ್ಲಿದ್ದ ಅಕ್ಕನ ಮುಖ ನೋಡಿದೆ. ಅವಳು ಫರ್ ಗಿಡವನ್ನೇ ನೋಡುತ್ತಿದ್ದಳು. ಆ ಕ್ಷಣ ಭಾವ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹೂಂ, ಬದುಕಿದೆ ಎಂದಿದ್ದರೆ ಇನ್ನೂ ಒಳ್ಳೆಯದಿತ್ತು.

ಭಾವ ಕುಕ್ಕರುಗಾಲಲ್ಲಿ ಕೂತು ಫರ್ ಗಿಡದ ಒಂದು ಎಲೆ ತಿರುಗಿಸಿ ನೋಡಿದರು. ಬುಡದ ಮಣ್ಣಿಗೆ ಬೆರಳಿಟ್ಟರು. ಮರದ ವಿಷಯದಲ್ಲಿ ಸುಳ್ಳು ಹೇಳುವುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. "ಇದು ಈ ಬೇಸಿಗೆ ದಾಟಲ್ಲ ಮಾವ" ಎಂದರು. "ನಿಮ್ ಕೈ ಒಳ್ಳೇದು, ಇಷ್ಟ್ ದಿನ ಇಡ್ಕಂಡಿದ್ದೇ ಎಚ್ಚು. ಈ ಸೆಖೆ ಇದ್ಕೆ ಆಗಲ್ಲ." ಆಮೇಲೆ ಪೈನಿನ ಹತ್ತಿರ ಹೋಗಿ, ಒಣಗಿದ ಕುಡಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಇದು ಬದುಕಬೇಕಿತ್ತು. ಇದ್ಕೆ ನಿಮ್ಮೂರ್ ಬಿಸ್ಲು ಒಗ್ತಿತ್ತು. ಇದ್ಯಾಕ್ ಹೋಯ್ತೋ ಗೊತ್ತಾಗ್ತಾ ಇಲ್ಲ."

ಅಪ್ಪ ಅಲ್ಲೇ ನಿಂತಿದ್ದ. ಬೇರು ತೊಳೆದವನು ತಾನೇ ಎಂದು ಹೇಳಲಿಲ್ಲ. ಅಕ್ಕ ಹೇಳಬಹುದಿತ್ತು, ತಂದೆಯ ಮುಖ ನೋಡಿ ಹೇಳಲಿಲ್ಲ. ನನ್ನ ನಾಲಗೆಯ ತುದಿಗೇ ಬಂದಿತ್ತು, ಅಕ್ಕ ನನ್ನ ಕೈ ಹಿಚುಕಿದಳು.

ಉಪವಾಸದ ಫಲಾಹಾರಕ್ಕೆ ಕೂತಾಗ ಭಾವ, ಜೀವಮಾನದಲ್ಲಿ ಒಂದೇ ಸಲ ಇರಬೇಕು, ಮನುಷ್ಯರ ವಿಷಯ ಮಾತಾಡಿದರು. "ಗಿಡಕ್ ಮಾಡ್ದಂಗೇ ಮಾಡನ ಮಾವ. ಒಂದ್ ತಿಂಗ್ಳು ಗುಂಡ್ಲುಪೇಟೇಲಿ ನಮ್ಮವ್ವನ ಜೊತೆ ಇರ್ಲಿ. ತಂಪು ರೂಢಿಯಾದ್ಮೇಲೆ ಮೇಲಕ್ಕೆ ಕರ್ಕಂಡೋಯ್ತಿನಿ. ಮುಂಚೆ ಇದ್ದ ಮನೆ ತೇವ. ಈಗ ಬಿಸ್ಲು ಬೀಳೋ ಮನೆ ನೋಡಿವ್ನಿ."

ಎಷ್ಟು ನ್ಯಾಯವಾದ ಮಾತು! ಗುಂಡ್ಲುಪೇಟೆ ಎಷ್ಟು ದೂರ? ಅಪ್ಪ ಬೇಕೆಂದಾಗ ಬಸ್ ಹತ್ತಿ ಹೋಗಿ ನೋಡಿಕೊಂಡು ಬರಬಹುದಿತ್ತು. ಆದರೆ ತಪ್ಪು ಮಾಡಿ ಮುಚ್ಚಿಟ್ಟವನಿಗೆ ನ್ಯಾಯವಾದ ಮಾತೇ ಹೆಚ್ಚು ಚುಚ್ಚುತ್ತದೆ. ಅಪ್ಪ ಒರಟಾಗಿ, "ಗಿಡಕ್ ಮಾಡ್ದಂಗಾ? ಗಿಡದ್ ಗತಿ ನೋಡುದ್ರಲ್ಲ" ಎಂದ.

ಭಾವ ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸಿ ಎದ್ದರು. ಬಡಿಸಿದ್ದನ್ನು ಬಿಟ್ಟು ಏಳುವ ಜಾತಿಯವರಲ್ಲ. ಅವ್ವ ಇರಿ, ಜಾಗರಣೆ ಮುಗಿಸಿಕೊಂಡು ಹೋಗಿ ಎಂದಳು. ಸಂಜೆಯ ಬಸ್ಸಿಗೆ ಹೋದರು. ಹೋಗುವಾಗ ಫರ್ ಗಿಡದ ಡಬ್ಬಕ್ಕೆ ಸುತ್ತಿದ ಗೋಣಿತಾಟು ಜಾರಿದ್ದನ್ನು ಸರಿಮಾಡಿ ಹೋದರು. ಯುಗಾದಿಗೆ ಮುಂಚೆಯೇ ಅದೂ ಒಣಗಿತು.

ಮಳೆಗಾಲ ಬಂತು, ಹೋಯಿತು. ಭಾವ ಬರಲಿಲ್ಲ, ನಾವೂ ಹೇಳಿ ಕಳಿಸಲಿಲ್ಲ. ಇವರೇ ಬರಲಿ ಎಂದು ಅವರು, ಅವರೇ ಬರಲಿ ಎಂದು ಇವರು. ಅಕ್ಕ ಗುಂಡುಗುಂಡಗಾದಳು, ಕೆಮ್ಮು ಮತ್ತೆ ಬರಲೇ ಇಲ್ಲ. ಅದನ್ನು ಅಪ್ಪ ಕಂಡವರಿಗೆಲ್ಲ ಹೇಳುತ್ತಿದ್ದ. ಅವಳ ನಗು ಹೋದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ, ಕಂಡಿರಲಿಲ್ಲ ಎಂದಲ್ಲ. ತೆಂಗಿನ ಸಸಿ ನೆಡಲು ಹರದನಹಳ್ಳಿಯವರು ಬಂದು ಕರೆದರೆ, ನನಗೆ ಸೊಂಟನೋವು ಎಂದು ವಾಪಸು ಕಳಿಸಿಬಿಟ್ಟ. ಆಮೇಲೆ ಯಾರ ಮನೆಯ ಗುಣಿಗೂ ಅವನು ಮಣ್ಣೆಳೆದದ್ದು ನಾನು ನೋಡಲಿಲ್ಲ.

ಆ ವರ್ಷದ ದೀಪಾವಳಿ ಅಳಿಯನಿಲ್ಲದೆ ಕಳೆಯಿತು. ಅದಾದ ಕೆಲವು ದಿನಕ್ಕೆ ಅಪ್ಪ, ಯಾರೂ ಏನೂ ಹೇಳದೆಯೇ, ಹೆಗಲಿಗೆ ಕಂಬಳಿ ಹಾಕಿಕೊಂಡು ಹೊರಟ. "ಅಳಿಯಂದಿರ್ನ ನೋಡ್ಬುಟ್ಟು ಬತ್ತಿನಿ. ತೊಳ್ದದ್ದು ನಾನೇ ಅಂತ ಯೋಳ್ತಿನಿ" ಎಂದ. ಅವ್ವ ಬುತ್ತಿ ಕಟ್ಟಿಕೊಟ್ಟಳು. ಅಕ್ಕ ಕೆಲಸ ಬಿಟ್ಟು ಬಂದು, ಅಪ್ಪನ ಕಂಬಳಿಯ ಮಡಿಕೆ ಸರಿಮಾಡಿ, ಅವನು ಬೀದಿ ತಿರುಗುವವರೆಗೆ ನಿಂತು ನೋಡಿದಳು. ಅಪ್ಪ ಹಿಂತಿರುಗಿ ಬರುವ ತನಕ ಅವಳು ಹಾಡಿನಂತೆ ಏನೋ ಗುನುಗುತ್ತ ಸೊಪ್ಪು ಹೆಚ್ಚುತ್ತಿದ್ದದ್ದು ನನ್ನ ನೆನಪಿನಲ್ಲಿದೆ.

ಅಪ್ಪ ಬಂದ. ಜಗಲಿ ಹತ್ತದೆ ಕೆಳಗಿನ ಕಲ್ಲಿನ ಮೇಲೆ ಕೂತ. ಅವ್ವ ತಂದ ನೀರಿನ ಚೊಂಬು ಮುಟ್ಟಲಿಲ್ಲ. ಬೆಟ್ಟದ ಮೇಲಿನ ಆ ಬಿಸಿಲು ಬೀಳುವ ಮನೆಯ ಬಾಗಿಲು ತೆರೆದದ್ದು ಒಬ್ಬ ಹೊಸ ಹುಡುಗಿ, ಬಸುರಿ ಎಂದ. ಗುಂಡ್ಲುಪೇಟೆಯ ಕಡೆಯವಳೇ, ಭಾವನ ತಾಯಿ ನೋಡಿ ಎರಡನೇ ಸೊಸೆಯಾಗಿ ತಂದುಕೊಂಡದ್ದು. ಯಾರೆಂದು ಗೊತ್ತಿಲ್ಲದೆ ಅವಳು ಅಪ್ಪನನ್ನು ಕೂರಿಸಿ ಬಿಸಿ ಕಾಫಿ ಕೊಟ್ಟಳಂತೆ. ತೋಟದಿಂದ ಬಂದ ಭಾವ ಅಪ್ಪನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರಂತೆ. ಅಪ್ಪ ಹೇಳಬೇಕೆಂದಿದ್ದ ಮಾತು ಅಲ್ಲಿ ಆಡಲು ಬರಲಿಲ್ಲ. ಇಬ್ಬರೂ ತೋಟಕ್ಕೆ ಹೋಗಿ ಮರ ನೋಡಿದರಂತೆ.

ಇಷ್ಟು ಕೇಳಿದ್ದೇ ಅವ್ವ ಶುರುಮಾಡಿದಳು. ಅವನ ಮನೆ ಹಾಳಾಗ, ಅವನ ವಂಶ ನಿರ್ವಂಶವಾಗ ಎಂದು ಎದೆ ಬಡಿದುಕೊಂಡಳು. ನಾನು ಅಕ್ಕನ ಕಡೆ ನೋಡಲಾರದೆ ಗೋಡೆ ನೋಡುತ್ತಿದ್ದೆ.

ಅಕ್ಕ ಅಪ್ಪನ ಹತ್ತಿರ ಬಂದು ಕೂತಳು. "ಅಪ್ಪಾ, ಅವ್ರು ಕಿವಿಗೆ ಏನಾರ ಕಟ್ಕಂಡಿದ್ರಾ?" ಎಂದು ಕೇಳಿದಳು.

ಅಪ್ಪನಿಗೆ ತಿಳಿಯಲಿಲ್ಲ. "ಏನು?"

"ತೋಟಕ್ಕೆ ಓಗುವಾಗ. ಅಲ್ಲಿ ಗಾಳಿ ಬೀಸ್ತದೆ, ಅವ್ರಿಗೆ ಕಿವಿ ನೋವು ಬರ್ತದೆ. ನಾನು ದಿನಾ ಮಫ್ಲರ್ ಸುತ್ತಿ ಕಳುಸ್ತಿದ್ದೆ."

ಅಪ್ಪ ಅವಳ ಮುಖವನ್ನೇ ನೋಡಿದ. "ಇಲ್ಲ ಕಣವ್ವ" ಎಂದ. "ಏನೂ ಕಟ್ಕಂಡಿರ್ನಿಲ್ಲ."

"ಯೋಳ್ಬುಟ್ಟು ಬರಬೇಕಿತ್ತು ನೀನು, ಆ ಹುಡುಗಿಗೆ" ಎಂದಳು ಅಕ್ಕ. ಹುಳುವಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು, ಎದ್ದು ಒಳಗೆ ಹೋದಳು. ಅಪ್ಪ ಆ ಕಲ್ಲಿನ ಮೇಲೆ ಕೂತೇ, ಬೀದಿಯಲ್ಲಿ ಜನ ಓಡಾಡುತ್ತಿದ್ದರೂ ಲೆಕ್ಕಿಸದೆ, ಜೋರಾಗಿ ಅತ್ತ.